ತಂಡ ಕಟ್ಟಿಕೊಂಡು ಪರದೇಶಕ್ಕೆ ಹೊರಟವರು ಎಲ್ಲಿ, ಹೇಗೆ ಉಳಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ, ಆಟಕ್ಕೋ, ಸಂಶೋಧನೆಗೋ ಒಂದು ತಂಡ ಪರದೇಶಕ್ಕೆ ಹೊರಟರೆ ವೀಸಾ, ಟಿಕೆಟ್, ವಿಮೆ ಎಲ್ಲವನ್ನೂ ಎರಡೆರಡು ಸಲ ನೋಡುತ್ತಾರೆ. ಉಳಿಯುವ ಜಾಗದ ವಿಷಯ ಬರುವುದು ಮಾತ್ರ ಕೊನೆಯ ವಾರದಲ್ಲಿ. ಯಾವುದು ಸಿಕ್ಕಿತೋ ಅದು. ನಾನು ಹೀಗೆ ಮೂರು ಸಲ ಹೋಗಿಬಂದಿದ್ದೇನೆ. ಒಂದು ಸಲ ತಂಡದಲ್ಲಿ ಒಬ್ಬನಾಗಿ, ಎರಡು ಸಲ ತಂಡದ ಹೊಣೆ ಹೊತ್ತು. ಈಗ ಹೊರಡುವವರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ನನಗೂ ಬಾಯಿನೋವು ತಪ್ಪುತ್ತದೆ.

ಎಲ್ಲಿ ಉಳಿಯುತ್ತೇವೆ ಅನ್ನೋದಕ್ಕೂ ತಂಡದ ಸ್ನೇಹಕ್ಕೂ ನಿಜವಾಗಿ ಸಂಬಂಧ ಇದೆಯಾ?

ಇದೆ. ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಮದುವೆಯಾದ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಅನ್ನುವ ವಸತಿ ಕಟ್ಟಿದ್ದರು. ಯಾರ ಪಕ್ಕ ಯಾರಿರಬೇಕು ಅಂತ ಅಲ್ಲಿದ್ದವರು ಆರಿಸಿಕೊಂಡಿರಲಿಲ್ಲ. ಮನೆ ಖಾಲಿಯಾದ ಹಾಗೆ ಸರದಿಯಲ್ಲಿದ್ದವರಿಗೆ ಕೊಡುತ್ತಿದ್ದರು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಜೊತೆಗಾರರು ಅಲ್ಲಿನವರನ್ನು ನಿಮ್ಮ ಗೆಳೆಯರು ಯಾರು ಅಂತ ಕೇಳಿ, 1950ರಲ್ಲಿ ಲೆಕ್ಕ ಪ್ರಕಟಿಸಿದರು. ಪಕ್ಕದ ಬಾಗಿಲಿನವರು ಆಪ್ತರಾಗಿದ್ದದ್ದು ನೂರಕ್ಕೆ 41 ಕಡೆ. ಎರಡು ಬಾಗಿಲು ದಾಟಿದರೆ 22. ಅದೇ ಸಾಲಿನ ಆ ತುದಿ ಈ ತುದಿಯವರಾದರೆ ಬರೀ 10. ಆ ತುದಿಗೆ ಹೋಗೋದು ಅಂದರೆ ಎಷ್ಟು ದೂರ? ಚಪ್ಪಲಿ ಹಾಕಿಕೊಳ್ಳುವಷ್ಟೂ ಇಲ್ಲ. ಆದರೂ ಹೋಗಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾಗಿದ್ದು ಇನ್ನೊಂದು ವಿಷಯ. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರು ಜಾಸ್ತಿ ಇದ್ದರು. ಮೇಲಿನವರು ಇಳಿಯುವಾಗ, ಹತ್ತುವಾಗ ಇವರ ಬಾಗಿಲ ಮುಂದೆಯೇ ಹಾಯಬೇಕಲ್ಲ! ಅಂದರೆ ಬರೀ ಅಡಿ, ಗಜದ ದೂರ ಅಲ್ಲ. ದಾರಿಯಲ್ಲಿ ಎಷ್ಟು ಸಲ ಎದುರಾಗುತ್ತೀರಿ ಅನ್ನೋದು ಲೆಕ್ಕಕ್ಕೆ ಬರುತ್ತದೆ.

ನಮ್ಮದೇ ತಂಡದಲ್ಲಿ ಇದನ್ನು ಕಣ್ಣಾರೆ ಕಂಡೆ. ಒಂಬತ್ತು ಜನ, ಎರಡು ಫ್ಲ್ಯಾಟ್. ಕೆಳಗೆ ಐವರು, ಮೇಲೆ ನಾಲ್ವರು. ವಾಷಿಂಗ್ ಮೆಷಿನ್ ಇದ್ದದ್ದು ಮೇಲಿನ ಫ್ಲ್ಯಾಟಿನಲ್ಲಿ ಮಾತ್ರ. ಕೆಳಗಿನವರು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಹತ್ತಿ ಬರಬೇಕು. ಹಾಕಿ ಹೋಗಿ ಮತ್ತೆ ಬರೋದು ಯಾಕೆ ಅಂತ ಮೆಷಿನ್ ನಿಲ್ಲುವ ತನಕ ಅಲ್ಲೇ ಕೂರುತ್ತಿದ್ದರು. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಕೆಲಸದ ತಕರಾರು, ಮನೆಯ ವಿಷಯ, ಹಳೇ ಕಾಲೇಜಿನ ಕತೆ, ಎಲ್ಲವೂ ಬರುತ್ತಿತ್ತು. ಮೂರನೇ ತಿಂಗಳಲ್ಲಿ, ಪಾಪ ಇವರಿಗೆ ತೊಂದರೆ ಅಂತ, ನಾನೇ ಓಡಾಡಿ ಕೆಳಗಿನ ಫ್ಲ್ಯಾಟಿಗೂ ಒಂದು ಮೆಷಿನ್ ಹಾಕಿಸಿದೆ. ಎಲ್ಲರೂ ಖುಷಿಪಟ್ಟರು. ಎರಡು ವಾರ ಕಳೆದ ಮೇಲೆ ನೋಡಿದರೆ ಕೆಳಗಿನವರು ಕೆಳಗೆ, ಮೇಲಿನವರು ಮೇಲೆ. ಯಾರೂ ಜಗಳ ಆಡಿರಲಿಲ್ಲ. ಹತ್ತಿ ಬರುವ ಕಾರಣ ಹೋಗಿತ್ತು, ಅಷ್ಟೆ.

ಹಾಗಾದರೆ ಎಲ್ಲರನ್ನೂ ಒಂದೇ ಮನೆಗೆ ತುಂಬಿಬಿಟ್ಟರೆ ಆಯ್ತಲ್ವಾ?

ಆಗಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿರ ಬಂದಾಗ ಕಲ್ಲುಮುಳ್ಳೆಲ್ಲ ಕಾಣುತ್ತದೆ. ವೆಸ್ಟ್‌ಗೇಟ್ ಲೆಕ್ಕವನ್ನು ಉದಾಹರಿಸುವವರು 1976ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕ್ಯಾಲಿಫೋರ್ನಿಯಾದ ಒಂದು ವಸತಿ ಸಮುಚ್ಚಯದಲ್ಲಿ ಗೆಳೆಯರು ಯಾರು ಅಂತ ಕೇಳಿದ್ದರ ಜೊತೆಗೆ, ನಿಮಗೆ ಆಗದವರು ಯಾರು ಅಂತಲೂ ಕೇಳಿದ್ದರು. ಆಗದವರೂ ಹತ್ತಿರದವರೇ! ಜೋರಾಗಿ ಹಾಡು ಹಾಕುವವರು, ಕಂಡಕಂಡಲ್ಲಿ ಗಾಡಿ ನಿಲ್ಲಿಸುವವರು. ದೂರದಲ್ಲಿದ್ದವರು ಏನು ಮಾಡಿದರೂ ನಮಗೆ ತಟ್ಟುವುದಿಲ್ಲ.

ಅದೇ ದಶಕದಲ್ಲಿ ಆಂಡ್ರ್ಯೂ ಬಾಮ್ ಮತ್ತು ಸ್ಟುವರ್ಟ್ ವಾಲಿನ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ಹಾಸ್ಟೆಲ್‌ಗಳನ್ನು ಹೋಲಿಸಿ ನೋಡಿದರು. ಒಂದು ಬಗೆಯಲ್ಲಿ ಉದ್ದನೆಯ ಕಾರಿಡಾರ್, ಮೂವತ್ತಕ್ಕೂ ಹೆಚ್ಚು ಹುಡುಗರಿಗೆ ಸೇರಿ ಒಂದು ಬಚ್ಚಲು, ಒಂದು ಹಾಲ್. ಇನ್ನೊಂದರಲ್ಲಿ ನಾಲ್ಕರಿಂದ ಆರು ಜನರ ಪುಟ್ಟ ಪುಟ್ಟ ಘಟಕ. ಒಬ್ಬೊಬ್ಬರಿಗೆ ಸಿಗುವ ಜಾಗ ಹೆಚ್ಚುಕಡಿಮೆ ಅಷ್ಟೇ. ಆದರೆ ಕಾರಿಡಾರಿನವರಿಗೆ ಸದಾ ಗಿಜಿಗಿಜಿ ಅನ್ನಿಸುತ್ತಿತ್ತು. ಬೇಡದ ಹೊತ್ತಲ್ಲಿ ಬೇಡದವರು ಎದುರಾಗುತ್ತಿದ್ದರಿಂದ ಅವರು ಜನರನ್ನೇ ತಪ್ಪಿಸಿಕೊಂಡು ಓಡಾಡುವುದನ್ನು ಕಲಿತರು. ಹಾಸ್ಟೆಲಿನ ಹೊರಗೂ ಆ ಅಭ್ಯಾಸ ಹೋಗಲಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು. ನಾಲ್ಕರಿಂದ ಆರು ಜನ ಒಂದು ಸೂರಿನಡಿ. ಅಂಥ ಮನೆಗಳು ಕೂಗಿದರೆ ಕೇಳುವಷ್ಟು ಹತ್ತಿರ. ಪ್ರತಿಯೊಬ್ಬರಿಗೂ ಮುಚ್ಚಿಕೊಳ್ಳಲು ಒಂದು ಬಾಗಿಲು. ಬಾಗಿಲು ಹಾಕಿಕೊಳ್ಳಲು ಆಗುವವನು ತಾನಾಗಿಯೇ ಹೊರಗೆ ಬರುತ್ತಾನೆ. ಆಗದವನು ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ.

ಒಳ್ಳೆಯ ಹೋಟೆಲ್ಲೇ ಹಿಡಿದರೆ ಹೇಗೆ?

ನಾಲ್ಕು ದಿನಕ್ಕಾದರೆ ಆರಾಮ. ತಿಂಗಳುಗಟ್ಟಲೆಗೆ ಬೇಡ. ಹೋಟೆಲಿನಲ್ಲಿ ರೂಮಿದೆ, ಲಾಬಿ ಇದೆ, ಮಧ್ಯದಲ್ಲಿ ಏನೂ ಇಲ್ಲ. ಲಿಫ್ಟ್‌ನಲ್ಲಿ ಎದುರಾದರೆ ನಗುತ್ತೀರಿ, ನಿಮ್ಮ ಮಹಡಿ ಬರುತ್ತದೆ, ಇಳಿಯುತ್ತೀರಿ.

2014ರ ಫುಟ್‌ಬಾಲ್ ವಿಶ್ವಕಪ್‌ಗೆ ಬ್ರೆಜಿಲ್‌ಗೆ ಹೋದ ಜರ್ಮನಿ ತಂಡದ ಕತೆ ಇಲ್ಲಿ ನೆನಪಾಗುತ್ತದೆ. ಬಹಿಯಾ ರಾಜ್ಯದ ಕಡಲತೀರದಲ್ಲಿ, ಸಾಂತೊ ಆಂದ್ರೆ ಅನ್ನುವ ಹಳ್ಳಿಯಲ್ಲಿ, ಕಾಂಪೊ ಬಹಿಯಾ ಅನ್ನುವ ಹೊಸ ವಸತಿಯಲ್ಲಿ ಅವರು ಉಳಿದರು. ಪಂದ್ಯ ಮುಗಿಸಿ ಬರುವಾಗ ನದಿಯನ್ನು ಫೆರಿಯಲ್ಲೇ ದಾಟಬೇಕಿತ್ತು. 23 ಆಟಗಾರರನ್ನು ನಾಲ್ಕು ಮನೆಗಳಿಗೆ ಹಂಚಿದ್ದರು. ಒಂದೇ ಕ್ಲಬ್ಬಿನವರೆಲ್ಲ ಒಂದೇ ಮನೆ ಸೇರದ ಹಾಗೆ, ಬಯರ್ನ್ ಮ್ಯೂನಿಕ್‌ನವರನ್ನೂ ಡಾರ್ಟ್‌ಮಂಡ್‌ನವರನ್ನೂ ಬೆರೆಸಿದ್ದರು. ವರ್ಷವಿಡೀ ಲೀಗಿನಲ್ಲಿ ಒಬ್ಬರ ಮೇಲೊಬ್ಬರು ಬೀಳುವವರು ಇಲ್ಲಿ ಒಂದೇ ಹಾಲಿನಲ್ಲಿ ಕಾಲು ಚಾಚಿ ಕೂತರು. ಜುಲೈ 13ರಂದು ಕಪ್ ಗೆದ್ದರು. ಮನೆಯಿಂದಲೇ ಗೆದ್ದರು ಅಂತ ನಾನು ಹೇಳುತ್ತಿಲ್ಲ, ಸೆಮಿಫೈನಲ್‌ನಲ್ಲಿ ಆತಿಥೇಯರಿಗೆ ಏಳು ಗೋಲು ಹೊಡೆಯಲು ಮನೆಯೊಂದೇ ಸಾಲದು. ಆದರೆ ನಾಲ್ಕೈದು ವಾರ ಒಬ್ಬರ ಮುಖ ಒಬ್ಬರಿಗೆ ಬೇಸರವಾಗದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವೇನಲ್ಲ.

ಅದಕ್ಕೂ ಹಿಂದಿನ ವಿಶ್ವಕಪ್‌ನಲ್ಲಿ, 2010ರಲ್ಲಿ, ಫ್ರಾನ್ಸ್ ತಂಡ ದಕ್ಷಿಣ ಆಫ್ರಿಕಾದ ನೈಸ್ನಾದಲ್ಲಿ ಸಮುದ್ರಕ್ಕೆ ಮುಖಮಾಡಿದ ಐಷಾರಾಮಿ ಹೋಟೆಲಿನಲ್ಲಿತ್ತು. ಕೋಚ್ ಜೊತೆಗಿನ ಜಟಾಪಟಿಯ ಕಾರಣಕ್ಕೆ ಒಬ್ಬ ಆಟಗಾರನನ್ನು ಮನೆಗೆ ಕಳಿಸಿದರು. ಮರುದಿನ, ಜೂನ್ 20ರಂದು, ಉಳಿದವರು ತರಬೇತಿಗೆ ಬಂದವರು ಅಭ್ಯಾಸ ಮಾಡದೆ ಬಸ್ಸು ಹತ್ತಿ ಪರದೆ ಎಳೆದುಕೊಂಡು ಕೂತರು. ಗುಂಪಿನಲ್ಲಿ ಕೊನೆಯ ಸ್ಥಾನ, ಒಂದೇ ಪಾಯಿಂಟ್. ಹಾಸಿಗೆ ಮೆತ್ತಗಿದ್ದ ಮಾತ್ರಕ್ಕೆ ಒಳಗಿನ ಮುನಿಸು ಕರಗುವುದಿಲ್ಲ.

ಯಾರ ಜೊತೆ ಯಾರನ್ನು ಹಾಕೋದು? ಅವರವರೇ ಆರಿಸಿಕೊಳ್ಳಲಿ ಅಂತ ಬಿಡಬಹುದಾ?

ಬಿಟ್ಟರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಪರಿಚಯ ಇದ್ದವರೆಲ್ಲ ಒಂದು ಮನೆ. ಹೊಸಬರು, ಬೇರೆ ಭಾಷೆಯವರು, ಮಾತು ಕಡಿಮೆ ಇರುವವರು, ಉಳಿದ ಮನೆ. ಮೊದಲ ದಿನವೇ ತಂಡ ಎರಡಾಯಿತು.

ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತೇನೆ. ಯಾವ ಮನೆ ಅನ್ನೋದನ್ನು ನಾನು ಹೇಳುತ್ತೇನೆ, ಯಾವ ರೂಮು ಅನ್ನೋದನ್ನು ಅವರಿಗೇ ಬಿಡುತ್ತೇನೆ. ಬೆರೆಸುವಾಗ ಒಂದೇ ಎಚ್ಚರಿಕೆ. ಒಂದು ಭಾಷೆಯವರು ಒಬ್ಬರೇ ಆಗಿ ಸಿಕ್ಕಿಹಾಕಿಕೊಳ್ಳಬಾರದು. ಐವರ ಮನೆಯಲ್ಲಿ ನಾಲ್ವರು ಒಂದು ಭಾಷೆ ಮಾತಾಡಿ ನಗುತ್ತಿದ್ದರೆ ಐದನೆಯವನು ಎಷ್ಟು ದಿನ ಸುಮ್ನೆ ನಕ್ಕಾನು?

ಇನ್ನೊಂದು, ಜನ ಯೋಚಿಸದೇ ಇರುವ ವಿಷಯ: ನಿದ್ದೆಯ ಹೊತ್ತು. ಬೆಳಗಿನ ಜಾವ ಏಳುವವನನ್ನೂ ರಾತ್ರಿ ಎರಡಕ್ಕೆ ಮಲಗುವವನನ್ನೂ ಒಂದೇ ಗೋಡೆಗೆ ಹಾಕಬೇಡಿ. ಸ್ವಭಾವ, ಹವ್ಯಾಸ ಹೊಂದುತ್ತದಾ ಅಂತ ಫಾರ್ಮ್ ತುಂಬಿಸುವುದಕ್ಕಿಂತ ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಜಗಳ ಉಳಿಯುತ್ತದೆ.

ಒಂದು ರೂಮಿಗೆ ಇಬ್ಬರು ಪರವಾಗಿಲ್ವಾ?

ಎರಡು ವಾರದ ತನಕ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಅಂದರೆ ಗೊರಕೆಯೇ ಸಾಕು.

ಬೇರೆ ದಾರಿಯೇ ಇಲ್ಲ, ಇರೋದೇ ಇಷ್ಟು ಜಾಗ. ಒಬ್ಬೊಬ್ಬರಿಗೆ ಅಂತ ಮೂಲೆಯೂ ಇಲ್ಲ. ಏನು ಮಾಡೋದು?

ಇದಕ್ಕೆ ನನ್ನ ಅನುಭವಕ್ಕಿಂತ ದೊಡ್ಡ ಉದಾಹರಣೆ ಇದೆ. ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ಅಂಟಾರ್ಕ್ಟಿಕಾ ಯಾತ್ರೆಯ ಒಂದು ಸಣ್ಣ ತುಕಡಿಯನ್ನು 1912ರಲ್ಲಿ ಕರೆದೊಯ್ಯಬೇಕಿದ್ದ ಹಡಗು ಮಂಜುಗಡ್ಡೆಯಿಂದಾಗಿ ಬರಲು ಆಗಲಿಲ್ಲ. ಆರು ಜನ. ಇನ್‌ಎಕ್ಸ್‌ಪ್ರೆಸಿಬಲ್ ಅಂತ ಅವರೇ ಹೆಸರಿಟ್ಟ ದ್ವೀಪದಲ್ಲಿ ಹಿಮ ಕೊರೆದು ಗವಿ ಮಾಡಿಕೊಂಡು ಇಡೀ ಚಳಿಗಾಲ ಕಳೆದರು. ಗವಿ ಇದ್ದದ್ದು ಸುಮಾರು 12 ಅಡಿಗೆ 9 ಅಡಿ. ನೆಟ್ಟಗೆ ನಿಲ್ಲುವಷ್ಟು ಎತ್ತರವೂ ಇಲ್ಲ. ದೀಪದ ಮಸಿ, ಅರೆಹೊಟ್ಟೆ, ಭೇದಿ.

ಅವರಲ್ಲಿ ಮೂವರು ಅಧಿಕಾರಿಗಳು, ಮೂವರು ನಾವಿಕರು. ಮುಖಂಡ ವಿಕ್ಟರ್ ಕ್ಯಾಂಪ್‌ಬೆಲ್ ಗವಿಯ ನೆಲದ ಮೇಲೆ ಒಂದು ಗೆರೆ ಎಳೆದ. ಈ ಕಡೆ ಅಧಿಕಾರಿಗಳು, ಆ ಕಡೆ ನಾವಿಕರು. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಗೆ ಕೇಳಿಸಿಲ್ಲ ಅಂತ ಲೆಕ್ಕ. ಮೊಳ ದೂರದಲ್ಲಿ ಮಲಗಿದವನಿಗೆ ಕೇಳಿಸದೇ ಇರುತ್ತದಾ? ಆದರೂ ಕೇಳಿಸಿಲ್ಲ. ಇವತ್ತಿನ ಕಣ್ಣಿಗೆ ಇದು ಮೇಲು ಕೀಳಿನ ಗೆರೆಯಾಗಿ ಕಾಣುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಅದು ಇನ್ನೊಂದು ಕೆಲಸವನ್ನೂ ಮಾಡಿತು. ನಾವಿಕರು ಅಧಿಕಾರಿಗಳನ್ನು ಬೈದುಕೊಳ್ಳಬಹುದಿತ್ತು, ಬೈದಿದ್ದಕ್ಕೆ ಮರುದಿನ ಲೆಕ್ಕ ಕೊಡಬೇಕಿರಲಿಲ್ಲ. ಆರೂ ಜನ ಬದುಕಿ ಬಂದರು.

ಗೋಡೆ ಇಲ್ಲದ ಕಡೆ ಒಪ್ಪಂದವೇ ಗೋಡೆ. ಹೆಡ್‌ಫೋನ್ ಹಾಕಿದವರನ್ನು ಮಾತಾಡಿಸಬಾರದು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತವರು ಮನೆಯಲ್ಲೇ ಇಲ್ಲ ಅಂತ ಲೆಕ್ಕ. ಇದನ್ನು ಮೊದಲ ವಾರವೇ ಬಾಯಿಬಿಟ್ಟು ಹೇಳಿಬಿಡಬೇಕು. ಅರ್ಥ ಮಾಡಿಕೊಳ್ಳುತ್ತಾರೆ ಬಿಡು ಅಂತ ಬಿಟ್ಟರೆ ಯಾರೂ ಮಾಡಿಕೊಳ್ಳುವುದಿಲ್ಲ.

ಒಟ್ಟಿಗೆ ಊಟ ಮಾಡೋದು ಕಡ್ಡಾಯ ಮಾಡಬೇಕಾ?

ಕಡ್ಡಾಯ ಅಂದ ತಕ್ಷಣ ಅದು ಇನ್ನೊಂದು ಮೀಟಿಂಗ್ ಆಗುತ್ತದೆ. ಆದರೆ ಎಲ್ಲರೂ ಕೂರುವಷ್ಟು ದೊಡ್ಡ ಮೇಜು ಮನೆಯಲ್ಲಿ ಇರಲೇಬೇಕು. ಒಂಬತ್ತು ಜನರಿಗೆ ನಾಲ್ಕು ಕುರ್ಚಿಯ ಮೇಜು ಇದ್ದರೆ, ಐದು ಜನ ತಟ್ಟೆ ಹಿಡಿದು ರೂಮಿಗೆ ಹೋಗಿ ಅಂತ ಮೇಜೇ ಹೇಳಿದಂತೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಒಂದು ದೊಡ್ಡ ನಗರದ ಅಗ್ನಿಶಾಮಕ ಠಾಣೆಗಳನ್ನು ನೋಡಿ 2015ರಲ್ಲಿ ಬರೆದಿದ್ದರು. ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ತಂಡಗಳ ಕೆಲಸ ಉಳಿದವರಿಗಿಂತ ಚೆನ್ನಾಗಿತ್ತು ಅಂತ. ನನ್ನ ಕಣ್ಣಿಗೆ ಬಿದ್ದದ್ದು ಅದರಲ್ಲಿನ ಅಡುಗೆಯ ಭಾಗ. ಉಣ್ಣುವಾಗ ಎಲ್ಲರ ಕೈ, ಕಣ್ಣು ಫೋನ್ ಮೇಲಿರಬಹುದು. ಈರುಳ್ಳಿ ಹೆಚ್ಚುವಾಗ ಆಗಲ್ಲ.

ಮೇಜಿನ ಆಕಾರಕ್ಕೂ ಅರ್ಥ ಇದೆ. 1973ರಲ್ಲಿ ನಾಸಾ ಹಾರಿಸಿದ ಸ್ಕೈಲ್ಯಾಬ್ ಅನ್ನುವ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂರು ಮೂರು ಜನರ ತಂಡ ಇರುತ್ತಿತ್ತು. ಅಲ್ಲಿನ ಊಟದ ಮೇಜು ತ್ರಿಕೋನಾಕಾರ. ಯಾರಿಗೂ ಯಜಮಾನನ ಜಾಗ ಸಿಗದಿರಲಿ ಅಂತ ಹಾಗೆ ಮಾಡಿದ್ದರು.

ತಂಡದ ಮುಖ್ಯಸ್ಥರು ಎಲ್ಲಿರಬೇಕು? ಅದೇ ಮನೆಯಲ್ಲಾ, ಬೇರೆ ಕಡೆನಾ?

ಅದೇ ಅಂಗಳದಲ್ಲಿ, ತಮ್ಮದೇ ಬಾಗಿಲಿನ ಹಿಂದೆ.

ಮತ್ತೆ ಅಂಟಾರ್ಕ್ಟಿಕಾಕ್ಕೇ ಹೋಗುತ್ತಿದ್ದೇನೆ, ಕ್ಷಮಿಸಿ. ಇಕ್ಕಟ್ಟಿನಲ್ಲಿ ಬದುಕುವ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 1911ರಲ್ಲಿ ಕೇಪ್ ಇವಾನ್ಸ್‌ನ ಗುಡಿಸಲಿನಲ್ಲಿ ಸ್ಕಾಟ್ ತಾನೂ ಸೇರಿ 25 ಜನರನ್ನು ಇಟ್ಟುಕೊಂಡಿದ್ದ. ಸಾಮಾನಿನ ಪೆಟ್ಟಿಗೆಗಳನ್ನೇ ಗೋಡೆಯಂತೆ ಪೇರಿಸಿ ಅಧಿಕಾರಿಗಳು, ವಿಜ್ಞಾನಿಗಳು ಒಂದು ಕಡೆ, ನಾವಿಕರು ಇನ್ನೊಂದು ಕಡೆ ಅಂತ ಮಾಡಿದ. ಅದಕ್ಕೂ ಮೂರು ವರ್ಷ ಮೊದಲು, 1908ರಲ್ಲಿ, ಇನ್ನೊಬ್ಬ ಅನ್ವೇಷಕ ಶಾಕಲ್‌ಟನ್ ಕೇಪ್ ರಾಯ್ಡ್ಸ್‌ನಲ್ಲಿ 14 ಜನರೊಂದಿಗೆ ಚಳಿಗಾಲ ಕಳೆದಾಗ ಗುಡಿಸಲನ್ನು ಇಬ್ಬಿಬ್ಬರ ಪುಟ್ಟ ಕೋಣೆಗಳಾಗಿ ಹಂಚಿದ್ದ. ತನಗೊಂದು ಬೇರೆ ಕೋಣೆ ಇಟ್ಟುಕೊಂಡ. ಮೇಜು ಮಾತ್ರ ಎಲ್ಲರಿಗೂ ಒಂದೇ. ನನಗೆ ಎರಡನೆಯದು ಸರಿ ಅನ್ನಿಸುತ್ತದೆ. ಮುಖ್ಯಸ್ಥನಿಗೆ ಒಂದು ಬಾಗಿಲು ಇದ್ದರೆ ಉಳಿದವರೂ ಸ್ವಲ್ಪ ಉಸಿರಾಡಬಹುದು. ಅವನ ಹಿಂದೆ ನಾಲ್ಕು ಮಾತಾಡಬಹುದು. ಅದೂ ಬೇಕು.

ಮುಖ್ಯಸ್ಥರು ಹೋಟೆಲಿನಲ್ಲಿ, ತಂಡ ಫ್ಲ್ಯಾಟಿನಲ್ಲಿ, ಈ ಏರ್ಪಾಡು ಮಾತ್ರ ಬೇಡ. ಫ್ಲ್ಯಾಟಿನ ನಲ್ಲಿ ಕೆಟ್ಟಿದ್ದು ಅವರಿಗೆ ಎಂಟು ದಿನ ಗೊತ್ತೇ ಆಗುವುದಿಲ್ಲ.

ಒಬ್ಬರು ಕುಟುಂಬದ ಜೊತೆ ಬಂದಿದ್ದಾರೆ, ಬೇರೆ ಮನೆಯಲ್ಲಿದ್ದಾರೆ. ತಂಡದಿಂದ ದೂರ ಆಗುತ್ತಿದ್ದಾರೆ. ಏನು ಮಾಡೋದು?

ಅವರನ್ನು ಸಂಜೆ ಕರೆಯುವುದಕ್ಕಿಂತ, ತಂಡ ಅವರ ಕಡೆ ಹೋಗುವ ಕಾರಣ ಹುಡುಕಿ. ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಸೇರುವುದು, ಬೆಳಗ್ಗೆ ಒಂದೇ ಗಾಡಿಯಲ್ಲಿ ಹೋಗುವುದು. ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳು ಒಬ್ಬರೊಂದಿಗೊಬ್ಬರು ಮಾತಾಡುವುದನ್ನು ಅಳೆದಿದ್ದರು. ಇಬ್ಬರ ಮೇಜಿನ ಮಧ್ಯೆ ಸುಮಾರು 50 ಮೀಟರ್ ದಾಟಿತು ಅಂದರೆ ಮಾತುಕತೆ ಇಲ್ಲವೇ ಇಲ್ಲ ಅನ್ನುವಷ್ಟಕ್ಕೆ ಇಳಿಯುತ್ತಿತ್ತು. ಕಚೇರಿಯಲ್ಲೇ ಹೀಗೆ. ಇನ್ನು ಊರಿನ ಆ ಕಡೆ ಇರುವವರು ಕೋಪದಿಂದ ದೂರ ಹೋಗಿದ್ದಾರೆ ಅಂತ ಅಂದುಕೊಳ್ಳಬೇಕಿಲ್ಲ.

ಎಷ್ಟು ದಿನದಲ್ಲಿ ತಂಡ ಹೊಂದಿಕೊಳ್ಳುತ್ತದೆ?

ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಂದಾಜು ಕೊಟ್ಟಿದ್ದರು. ಪರಿಚಯ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗಟ್ಟಿ ಸ್ನೇಹಕ್ಕೆ 200 ಗಂಟೆಗೂ ಜಾಸ್ತಿ. ಅದರಲ್ಲಿ ಕೆಲಸ ಮಾಡುತ್ತಾ ಕಳೆದ ಹೊತ್ತಿಗೆ ಅಷ್ಟು ಬೆಲೆ ಇಲ್ಲ. ಸುಮ್ನೆ ಕೂತು ಕಳೆದ ಹೊತ್ತಿಗೇ ಬೆಲೆ. ಒಂದೇ ಸೂರಿನಡಿ ಇರುವವರಿಗೆ ಇಂಥ ಗಂಟೆಗಳು ಪುಕ್ಕಟೆ ಸಿಗುತ್ತವೆ. ಬೇರೆ ಬೇರೆ ಉಳಿದವರು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಬೇಕು.

ಮನೆ ಚೆನ್ನಾಗಿದೆ, ಆದರೂ ಎರಡು ಬಣ ಆಗಿಬಿಟ್ಟಿದೆ. ತಪ್ಪು ಎಲ್ಲಾಯಿತು?

ಮನೆಯಲ್ಲಿ ಆಗಿರಲಿಕ್ಕಿಲ್ಲ. ಅರಿಝೋನಾದ ಬಯೋಸ್ಫಿಯರ್ 2 ಅನ್ನುವ ಗಾಜಿನ ಕಟ್ಟಡದೊಳಗೆ 1991ರಿಂದ 1993ರ ತನಕ ಎರಡು ವರ್ಷ ಎಂಟು ಜನ ಬಾಗಿಲು ಹಾಕಿಕೊಂಡು ಬದುಕಿದರು. ಒಬ್ಬೊಬ್ಬರಿಗೂ ಬೇರೆ ಮನೆಯೇ ಇತ್ತು, ಒಟ್ಟಿಗೆ ಕೂರುವ ಜಾಗವೂ ಇತ್ತು. ಆದರೂ ನಾಲ್ಕು ನಾಲ್ಕು ಜನರ ಎರಡು ಬಣವಾದರು. ಆ ಪ್ರಯೋಗವನ್ನು ಯಾರು ಹೇಗೆ ನಡೆಸಬೇಕು ಅನ್ನುವ ಜಗಳ ಅದು. ಕುರ್ಚಿ, ಮೇಜು ಬದಲಿಸಿದರೆ ಸರಿಹೋಗುವಂಥದ್ದಲ್ಲ. ಆದರೂ ಎಂಟೂ ಜನ ಎರಡು ವರ್ಷ ತಮ್ಮ ತಮ್ಮ ಪಾಲಿನ ಕೆಲಸ ಬಿಡಲಿಲ್ಲ. ಮಾತು ಬಿಟ್ಟವರೂ ಒಟ್ಟಿಗೆ ದುಡಿಯಬಲ್ಲರು ಅನ್ನೋದನ್ನೂ ಇಲ್ಲಿ ನೋಡಬಹುದು.

ನಿಮ್ಮಲ್ಲಿ ಬಣ ಆಗಿದ್ದರೆ ಮೊದಲು ಕಾರಣ ಕೆಲಸದಲ್ಲಿದೆಯಾ ಅಂತ ಕೇಳಿ. ಸಂಬಳವಾ, ಬಡ್ತಿಯಾ, ಯಾರದೋ ಮಾತು ಮಾತ್ರ ನಡೆಯುತ್ತದೆ ಅನ್ನುವ ಬೇಸರವಾ? ಅದನ್ನು ಬಿಟ್ಟು ಪಾತ್ರೆ ತೊಳೆಯುವ ಪಟ್ಟಿ ಅಂಟಿಸಿದರೆ ಜಗಳ ಪಾತ್ರೆಯ ಮೇಲೆ ಬರುತ್ತದೆ, ಅಷ್ಟೆ.

ನಮ್ಮವರೇ ನಮ್ಮವರೊಳಗೆ ಇದ್ದುಬಿಡುತ್ತಾರೆ. ಅಲ್ಲಿನ ಜನರ ಜೊತೆ ಬೆರೆಯೋದೇ ಇಲ್ಲ. ಇದು ಒಳ್ಳೇದಾ?

ಮೊದಲ ತಿಂಗಳು ಒಳ್ಳೇದೇ. ಆಮೇಲೆ ಉಸಿರುಗಟ್ಟುತ್ತದೆ. ಹೊರಗೆ ಯಾರೂ ಇಲ್ಲದವನು ತನ್ನ ಬೇಸರ, ತಮಾಷೆ, ಸಿಟ್ಟು ಎಲ್ಲವನ್ನೂ ಅದೇ ಐದು ಜನರ ಮೇಲೆ ಸುರಿಯಬೇಕು. ಮನೆ ಹುಡುಕುವಾಗ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮೈದಾನ, ಲೈಬ್ರರಿ, ಬಸ್ ನಿಲ್ದಾಣ ಇದೆಯಾ ನೋಡಿ. ಊರಾಚೆ, ಗಾಡಿ ಇಲ್ಲದೆ ಎಲ್ಲಿಗೂ ಹೋಗಲಾಗದ ದೊಡ್ಡ ಬಂಗಲೆಗಿಂತ ಊರೊಳಗಿನ ಸಾಧಾರಣ ಫ್ಲ್ಯಾಟ್ ಎಷ್ಟೋ ವಾಸಿ. ಬಂಗಲೆಯಲ್ಲಿ ಗಾಡಿಯ ಕೀಲಿ ಯಾರ ಹತ್ತಿರ ಇದೆಯೋ ಅವನೇ ರಾಜ.

ಈಗಾಗಲೇ ಬಂದುಬಿಟ್ಟಿದ್ದೇವೆ. ಮನೆ ಸರಿಯಿಲ್ಲ, ಬದಲಿಸಲೂ ಆಗಲ್ಲ. ಏನಾದರೂ ಮಾಡಬಹುದಾ?

ಮಾಡಬಹುದು. ಎರಡನೇ ಸಲ ಹೋದಾಗ ನಮಗೆ ಸಿಕ್ಕಿದ್ದು ಇಬ್ಬಿಬ್ಬರಿಗೆ ಒಂದು ರೂಮು, ಕಾಗದದಂಥ ಗೋಡೆ. ಊರಿನ ಹೊತ್ತಿಗೂ ಅಲ್ಲಿನ ಹೊತ್ತಿಗೂ ಹೊಂದದೆ, ಮನೆಗೆ ಫೋನ್ ಮಾಡಬೇಕಾದರೆ ಸರಿರಾತ್ರಿಯೇ ಮಾಡಬೇಕು. ರೂಮಲ್ಲಿ ಮಾತಾಡಿದರೆ ಇನ್ನೊಬ್ಬನ ನಿದ್ದೆ ಹಾಳು. ಹಾಲಿನಲ್ಲಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ನಮ್ಮಲ್ಲಿ ಒಬ್ಬ, ಹೊಸದಾಗಿ ಮದುವೆಯಾದವನು, ಕಟ್ಟಡದ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಅಲ್ಲಿನ ದೀಪ ಯಾರಾದರೂ ಅಲುಗಾಡಿದರೆ ಮಾತ್ರ ಹತ್ತುವಂಥದ್ದು. ನಿಮಿಷಕ್ಕೊಮ್ಮೆ ಆರಿಹೋಗುತ್ತಿತ್ತು. ಅವನು ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈ ಮೇಲೆತ್ತಿ ಬೀಸುತ್ತಾ ಮಾತಾಡುತ್ತಿದ್ದ. ಹಗಲು ಅವನು ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಜಂಬ ಅಂತ ನಾವು ಅಂದುಕೊಂಡಿದ್ದೆವು.

ಒಂದು ರಾತ್ರಿ ತಡವಾಗಿ ಬಂದವನು ಅವನನ್ನು ಆ ಸ್ಥಿತಿಯಲ್ಲಿ ನೋಡಿದೆ. ಆ ಶನಿವಾರ ಎಲ್ಲರೂ ಸೇರಿ ಸ್ಟೋರ್ ರೂಮಿನಿಂದ ಸೂಟ್‌ಕೇಸುಗಳನ್ನೆಲ್ಲ ಹೊರಗೆ ತೆಗೆದು ನಮ್ಮ ನಮ್ಮ ಮಂಚದ ಕೆಳಗೆ ತಳ್ಳಿಕೊಂಡೆವು. ಒಳಗೆ ಒಂದು ಕುರ್ಚಿ, ಒಂದು ಟೇಬಲ್ ದೀಪ ಇಟ್ಟೆವು. ಬಾಗಿಲಿಗೆ ಹಳೇ ಕಂಬಳಿ ಇಳಿಬಿಟ್ಟೆವು, ಸದ್ದು ಹೊರಗೆ ಬರದಿರಲಿ ಅಂತ. ಯಾರು ಯಾವಾಗ ಬೇಕಾದರೂ ಹೋಗಿ ಕೂರಬಹುದು, ಅರ್ಧ ಗಂಟೆ, ಒಳಗಿರುವವರನ್ನು ಕರೆಯುವ ಹಾಗಿಲ್ಲ. ಕಿಟಕಿ ಕೂಡ ಇಲ್ಲದ ಆ ಗೂಡಿಗೆ ವಾರದೊಳಗೆ ಸರದಿ ಶುರುವಾಯಿತು. ಅವನು ಈಗ ಫೋನ್ ಮುಗಿಸಿ ಹೊರಗೆ ಬಂದವನು ನೇರ ರೂಮಿಗೆ ಹೋಗುತ್ತಿರಲಿಲ್ಲ. ಅಡುಗೆಮನೆಗೆ ಬಂದು, ನಿದ್ದೆ ಬಾರದೆ ಕೂತವರ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಿದ್ದ.